200ರ ಒಳಗಿದ್ರೆ...

ಬ್ಲಾಗಿನ ಕಡೆ ತಲೆ ಹಾಕದೆ ಬಹಳ ದಿನ ಆಯ್ತು. ಬೈಬೇಡಿ, ಆಫೀಸಲ್ಲಿ ರಿಲೀಸ್ ಇತ್ತು. ಇವತ್ತು ಒಂದು ಹಳೇ ತಪ್ಪು ಒಪ್ಕೊಳ್ಳೋಣ ಅಂತ ಕೂತಿದ್ದೀನಿ.

2023ರ ಜುಲೈ. ಗೃಹಜ್ಯೋತಿ ಆಗಷ್ಟೇ ಶುರುವಾಗಿತ್ತು. ಹೂಡಿಯಲ್ಲಿ ನಾನಿದ್ದ ವಠಾರದಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಪಕ್ಕದ ಮನೆ ಅಕ್ಕ ಬಂದು ಕೇಳಿದ್ರು, "ನೀನು ಓದಿದೋನು, ಹೇಳಪ್ಪಾ. ಎಷ್ಟು ಉರಿಸಿದ್ರೆ ಬಿಲ್ ಬರಲ್ಲ?" ನಾನು ಲ್ಯಾಪ್‌ಟಾಪಿಂದ ತಲೆ ಎತ್ತದೆ "200ರ ಒಳಗಿದ್ರೆ ಬರಲ್ಲ ಅಕ್ಕ" ಅಂದ್ಬಿಟ್ಟೆ. ಗ್ಯಾಸ್ ಉಳಿಯುತ್ತೆ ಅಂತ ಅವರು ಇಂಡಕ್ಷನ್ ಒಲೆ ತಂದ್ರು. ಅನ್ನ, ಸಾರು, ಸ್ನಾನದ ನೀರು ಎಲ್ಲಾ ಅದರ ಮೇಲೇ.

ಸೆಪ್ಟೆಂಬರಿನಲ್ಲಿ ಬಿಲ್ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ರು. 140 ಯೂನಿಟ್, ಅದ್ರಲ್ಲಿ 63ಕ್ಕೆ ದುಡ್ಡು ಕಟ್ಟಬೇಕು. "200 ದಾಟಿಲ್ವಲ್ಲಪ್ಪಾ?"

ಆಮೇಲೆ ನಿಯಮ ಓದಿದೆ (ಹೌದು, ಆಮೇಲೆ!). 2022-23ರ ತಿಂಗಳ ಸರಾಸರಿ, ಅದಕ್ಕೆ ಶೇ. 10 ಸೇರಿಸಿ, ಅಷ್ಟು ಉಚಿತ. ಅಕ್ಕನ ಮೀಟರಿನ ಸರಾಸರಿ 70, ಅಂದ್ರೆ 77 ಯೂನಿಟ್. ಬಳಕೆಯನ್ನ 'ಬ' ಅಂದ್ಕೊಳ್ಳಿ. ಬ ≤ 77 ಆದ್ರೆ ಸೊನ್ನೆ ಬಿಲ್. 77 < ಬ ≤ 200 ಆದ್ರೆ ಹೆಚ್ಚಾದ ಯೂನಿಟ್ಟಿಗೆ ಮಾತ್ರ ದುಡ್ಡು. ಬ > 200 ಆದ್ರೆ ಪೂರ್ತಿ ಬಿಲ್.

"ಸೊನ್ನೆ ಬಿಲ್ ಬಂದಿದ್ರೆ ಬಳಕೆ 200 ದಾಟಿಲ್ಲ" ಅನ್ನೋದು ನಿಜ. ನಾನು ಅದನ್ನ ಉಲ್ಟಾ ಮಾಡಿ "200 ದಾಟದಿದ್ರೆ ಸೊನ್ನೆ ಬಿಲ್" ಅಂದಿದ್ದೆ. ಅದು ಸುಳ್ಳು ಅನ್ನೋಕೆ ಅಕ್ಕನ 140 ಒಂದೇ ಸಾಕು. "200 ದಾಟಿದ್ರೆ ಸೊನ್ನೆ ಬಿಲ್ ಇಲ್ಲ" ಅಂತ ಹೇಳಿದ್ರೆ ಸರಿ ಇರ್ತಿತ್ತು, ಆದ್ರೆ ಅಕ್ಕ ಕೇಳಿದ್ದು ಅದನ್ನಲ್ಲ.

ನನ್ನ ಹೊಟ್ಟೆಪಾಡೇ ಇದು ನೋಡಿ. ಸಿ ಭಾಷೆಯಲ್ಲಿ 77 < ಬ <= 200 ಅಂತ ಹಾಗೇ ಬರೆದ್ರೆ ಕಂಪೈಲರ್ ಸುಮ್ಮನೆ ಒಪ್ಕೊಳ್ಳುತ್ತೆ. ಮೊದಲು 77 < ಬ ನೋಡುತ್ತೆ, ಉತ್ತರ 0 ಇಲ್ಲಾ 1. ಎರಡೂ 200ಕ್ಕಿಂತ ಕಮ್ಮಿ, ಹಾಗಾಗಿ 500 ಯೂನಿಟ್ ಉರಿಸಿದ್ರೂ 'ನಿಜ' ಅನ್ನುತ್ತೆ :-) ಎರಡು ಷರತ್ತನ್ನೂ ಬೇರೆ ಬೇರೆ ಬರೆದು ಮಧ್ಯೆ && ಹಾಕಬೇಕು. ಜೂನಿಯರ್‌ಗಳಿಗೆ ಇದನ್ನ ಹೇಳಿಕೊಡೋನು ನಾನೇ!

ಬಿಲ್ಲಿನ ಹಿಂದೆ ಗೆರೆ ಎಳೆದು 77, 200 ಎರಡರ ಮೇಲೂ ಚುಕ್ಕಿ ಇಟ್ಟು, ನಡುವಿನ ಭಾಗ ದಪ್ಪ ಮಾಡಿ ಅಕ್ಕನಿಗೆ ತೋರಿಸಿದೆ. ಮೊದಲ ಪಿಯುಸಿ ಓದ್ತಿದ್ದ ಅವರ ಮಗಳು ಬಗ್ಗಿ ನೋಡಿ, "ಅಣ್ಣಾ, 77ರ ಹತ್ರ ಚುಕ್ಕಿ ತುಂಬಬಾರದು, ಖಾಲಿ ಬಿಡ್ಬೇಕು" ಅಂದ್ಲು.

63 ಯೂನಿಟ್ಟಿನ ದುಡ್ಡು ನಾನೇ ಕೊಡ್ತೀನಿ ಅಂದೆ. ಅಕ್ಕ ಒಪ್ಲಿಲ್ಲ. ಒಲೆ ಅಟ್ಟ ಸೇರ್ತು.