ಸಮುದ್ರ ಕಾಣದ ಊರಿನಿಂದ ಮಿನಿಕಾಯ್ ದೀಪಸ್ತಂಭಕ್ಕೆ

ಹಿಂದೂಪುರದಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ದೂರ. ನನ್ನ ಅಜ್ಜಿ ಮಗಳನ್ನು ಈ ಊರಿಗೆ ಕೊಟ್ಟದ್ದೂ ಅದಕ್ಕೇ. ಅಜ್ಜ ಮಂಗಳೂರು ಬಂದರಿನಲ್ಲಿ ಮಂಜಿಯ ಕೆಲಸದವರು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು ಆಗ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಇಲ್ಲಿಂದ ಅಕ್ಕಿ ಹೋಗುತ್ತಿತ್ತು, ಅಲ್ಲಿಂದ ತೆಂಗಿನ ನಾರಿನ ಹುರಿ, ಕೊಬ್ಬರಿ ಬರುತ್ತಿತ್ತು. 1956ರಲ್ಲಿ ಆ ದ್ವೀಪಗಳು ಕೇಂದ್ರಾಡಳಿತಕ್ಕೆ ಹೋಗುವ ಸ್ವಲ್ಪ ಮೊದಲು, ಅಜ್ಜ ಹೋದ ಮಂಜಿ ಹಿಂದಿರುಗಲಿಲ್ಲ. ಉಮ್ಮ ಆಗ ಸಣ್ಣ ಹುಡುಗಿ. ನಮ್ಮ ಮನೆಯವರು ಯಾರೂ ಇನ್ನು ಮಂಜಿ, ಹಡಗು ಹತ್ತಬಾರದು ಎಂದು ಅಜ್ಜಿ ಅಂದೇ ಹೇಳಿಬಿಟ್ಟರಂತೆ. ಹಿಂದೂಪುರದಲ್ಲಿ ಬೇಕರಿ ಇಟ್ಟಿದ್ದ ಬಾಪನ ಸಂಬಂಧ ಬಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ಆ ಊರಿಗೆ ಸಮುದ್ರ ಎಷ್ಟು ದೂರ?

ಆದರೂ ಬಂದರಿನ ಹಿರಿಯರ ಬಾಯಲ್ಲಿ ಕೇಳಿದ 'ಮಿನಿಕಾಯ್ ದೀಪ' ಎಂಬ ಮಾತು ನನ್ನ ತಲೆಯಲ್ಲಿ ಉಳಿದಿತ್ತು. ಹೋಗುತ್ತೇನೆ ಎಂದು ಉಮ್ಮನಿಗೆ ಹೇಳಿದೆ. ಅವರು ಬೇಡ ಅನ್ನಲಿಲ್ಲ, ಎರಡು ದಿನ ಮಾತಾಡಲಿಲ್ಲ. ಜೊತೆಗೆ ಹೊರಟವನು ನನ್ನ ಗೆಳೆಯ, ಕಲ್ಯಾಣದುರ್ಗದ ಕಡಲೆಕಾಯಿ ರೈತ. ಮನೆಮಾತು ಕನ್ನಡ. ಅವನು ಅದುವರೆಗೆ ಸಮುದ್ರವನ್ನೇ ನೋಡಿರಲಿಲ್ಲ.

ಲಕ್ಷದ್ವೀಪಕ್ಕೆ ಹೋಗಲು ಪರವಾನಗಿ ಬೇಕು. ಅದು ಕೈಗೆ ಬಂದ ಮೇಲೆ ರೈಲಿನಲ್ಲಿ ಬೆಂಗಳೂರು, ಅಲ್ಲಿಂದ ಕೊಚ್ಚಿ, ಕೊಚ್ಚಿಯಿಂದ ಹಡಗು. ಕೊಚ್ಚಿಗೂ ಮಿನಿಕಾಯ್‌ಗೂ ಸುಮಾರು 400 ಕಿ.ಮೀ. ರಾತ್ರಿಯಿಡೀ ನೀರು, ಬೆಳಗಾದ ಮೇಲೂ ನೀರು. ಆಮೇಲೆ ದೂರದಲ್ಲಿ ಒಂದು ಬಿಳಿ ಕಡ್ಡಿ ನೆಟ್ಟ ಹಾಗೆ ಕಂಡಿತು. ಅದೇ ಲೈಟ್‌ಹೌಸ್. ದ್ವೀಪ ಇನ್ನೂ ಕಂಡಿರಲಿಲ್ಲ. ಹವಳದ ದ್ವೀಪಗಳು ನೀರಿನಿಂದ ಕೆಲವೇ ಮೀಟರ್ ಎತ್ತರ; ಹತ್ತಿರ ಬರುವ ತನಕ ಕಾಣುವುದೇ ಇಲ್ಲ. ರಾತ್ರಿಯಲ್ಲಿ ಮಂಜಿ ನಡೆಸುವವರ ಪಾಡು ಏನಿದ್ದಿರಬಹುದು ಎಂದು ಆಗ ಹೊಳೆಯಿತು.

ಹಡಗು ಹೊರಗೇ ನಿಂತಿತು, ನಮ್ಮನ್ನು ದೋಣಿಗೆ ಇಳಿಸಿಕೊಂಡರು. ಮಿನಿಕಾಯ್ ಸುಮಾರು ಹತ್ತು ಕಿ.ಮೀ. ಉದ್ದದ ಕಿರಿದಾದ ದ್ವೀಪ. ಜನರ ಭಾಷೆ ಮಹಲ್. ಮಾಲ್ಡೀವ್ಸ್‌ನವರ ಮಾತೇ ಅದು, ಬರೆಯುವುದು ಬಲದಿಂದ ಎಡಕ್ಕೆ. ಎರಡು ಸೈಕಲ್ ಬಾಡಿಗೆಗೆ ಹಿಡಿದು ದಕ್ಷಿಣಕ್ಕೆ ಹೊರಟೆವು. ದಾರಿಯುದ್ದ ತೆಂಗಿನ ನೆರಳು. ಒಂದು ಮನೆಯ ಬಾವಿಯ ಹತ್ತಿರ ಗೆಳೆಯ ಸೈಕಲ್ ನಿಲ್ಲಿಸಿದ. "ಭಾಯ್, ಇಲ್ಲಿ ಬೋರ್ ಎಷ್ಟು ಅಡಿ ಹಾಕ್ತಾರೆ?"

ಮನೆಯವರು ನಕ್ಕರು. ಕೆಲವು ಅಡಿ ಅಗೆದರೆ ಸಿಹಿನೀರು. ಮಳೆನೀರು ಮರಳಿಗೆ ಇಳಿದು, ಕೆಳಗಿನ ಉಪ್ಪುನೀರಿನ ಮೇಲೆ ತೆಳುವಾಗಿ ತೇಲಿಕೊಂಡಿರುತ್ತದೆ. ಹೆಚ್ಚು ಎಳೆದರೆ ಉಪ್ಪು ಮೇಲೆ ಬರುತ್ತದೆ. ನೂರಾರು ಅಡಿ ಕೊರೆಸಿ ಬರೀ ದೂಳು ಕಂಡವನು ಅವನು. "ನಮಗೆ ಆಳಕ್ಕೆ ಹೋದ್ರೂ ಸಿಗಲ್ಲ, ಇವರು ಆಳಕ್ಕೆ ಹೋಗಂಗೇ ಇಲ್ಲ" ಎಂದು ಮತ್ತೆ ಪೆಡಲ್ ತುಳಿದ.

ದೀಪಸ್ತಂಭ ಕಟ್ಟಿದ್ದು ಬ್ರಿಟಿಷರು, 1885ರಲ್ಲಿ. 1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಯೂರೋಪಿನಿಂದ ಪೂರ್ವ ದೇಶಗಳಿಗೆ ಹೋಗುವ ಹಡಗುಗಳು ಈ ದ್ವೀಪದ ಪಕ್ಕದಲ್ಲೇ ಹಾಯುತ್ತಿದ್ದವು. ಹವಳದ ದಿಬ್ಬಕ್ಕೆ ಬಡಿದು ಒಡೆದವೂ ಇದ್ದವು. ಗೋಪುರದ ಎತ್ತರ ಐವತ್ತು ಮೀಟರಿಗೆ ಹತ್ತಿರ. ಒಳಗೆ ಸುತ್ತುವ ಮೆಟ್ಟಿಲು. ಮೇಲೆ ಹೋದರೆ ಒಂದು ಕಡೆ ಹಸಿರುನೀಲಿ ಲಗೂನ್, ಅದರಂಚಿನಲ್ಲಿ ದಿಬ್ಬಕ್ಕೆ ಒಡೆಯುವ ಬಿಳಿ ನೊರೆ, ದೂರದಲ್ಲಿ ಜನವಸತಿಯಿಲ್ಲದ ಪುಟ್ಟ ವಿರಿಂಗಿಲಿ. ಇನ್ನೊಂದು ಕಡೆ ಬರೀ ಸಮುದ್ರ.

ಲೈಟ್‌ಹೌಸ್ ಹಡಗನ್ನು ಬಾ ಎಂದು ಕರೆಯುತ್ತದೆ ಅಂತಲೇ ನಾನು ತಿಳಿದಿದ್ದೆ. ಹಾಗಲ್ಲ. ಒಂದೊಂದು ದೀಪಕ್ಕೂ ಮಿನುಗುವ ಲೆಕ್ಕ ಬೇರೆ. ನಾವಿಕ ಸೆಕೆಂಡು ಎಣಿಸಿ, ಪಟ್ಟಿ ನೋಡಿ, ಇದು ಇಂಥ ದೀಪ, ನಾನು ಇಂಥಲ್ಲಿದ್ದೇನೆ ಎಂದು ತಿಳಿಯುತ್ತಾನೆ. ದೀಪ ಗಾಳಿ ನಿಲ್ಲಿಸುವುದಿಲ್ಲ, ಅಲೆ ತಗ್ಗಿಸುವುದಿಲ್ಲ. ನೀನು ಎಲ್ಲಿದ್ದೀ ಎಂದಷ್ಟೇ ಹೇಳುತ್ತದೆ. ನಮ್ಮ ಮನೆಯಲ್ಲಿ ಎಪ್ಪತ್ತು ವರ್ಷ ಸಮುದ್ರದ ಮಾತನ್ನೇ ಎತ್ತದೆ ಬದುಕಿದೆವು. ಭಯವನ್ನು ದೂರ ಇಟ್ಟೆವು ಅಂದುಕೊಂಡೆವು, ಅಜ್ಜನೂ ದೂರವಾದರು. ಅವರು ಹೋದ ದಾರಿ ಯಾವುದು, ಮಂಜಿಯಲ್ಲಿ ಯಾರು ಯಾರಿದ್ದರು, ನಮಗೆ ಒಂದೂ ಗೊತ್ತಿಲ್ಲ.

ಊರಿಗೆ ಬಂದು ಉಮ್ಮನಿಗೆ ಫೋಟೋ ತೋರಿಸಿದೆ. ಮಿನಿಕಾಯ್ ಗಂಡಸರಲ್ಲಿ ಬಹಳ ಜನ ದೊಡ್ಡ ಹಡಗುಗಳಲ್ಲಿ ತಿಂಗಳುಗಟ್ಟಲೆ ಹೊರಗಿರುತ್ತಾರೆ, ಮನೆ ನೋಡಿಕೊಳ್ಳುವುದೆಲ್ಲ ಹೆಂಗಸರೇ ಎಂದೆ. ಉಮ್ಮ ಫೋಟೋವನ್ನು ತುಂಬ ಹೊತ್ತು ನೋಡಿದರು.

"ಅವರ ಊರಲ್ಲಿ ದೀಪ ಇದೆಯಲ್ಲ" ಎಂದರು. ಆಮೇಲೆ, ನಾನು ಕೇಳದೆಯೇ, ಬಂದರಿನ ಮನೆಯ ಬಾಗಿಲಲ್ಲಿ ಅಜ್ಜನ ಜೊತೆ ಊಟಕ್ಕೆ ಬರುತ್ತಿದ್ದ ಖಲಾಸಿಗಳ ಹೆಸರನ್ನು ಒಂದೊಂದಾಗಿ ಹೇಳತೊಡಗಿದರು. ನಾನು ಬೇಕರಿಯ ಲೆಕ್ಕದ ಪುಸ್ತಕದಲ್ಲೇ ಬರೆದುಕೊಂಡೆ.