ಆರನೆಯ ಮಣಿ

ಮೂವತ್ತು ವರ್ಷದಿಂದ ಪ್ರೊಟೀನಿನ ರಚನೆಯ ಪಾಠ ಹೇಳುತ್ತಿದ್ದೇನೆ. ಅದರ ನಾಲ್ಕು ಹಂತಗಳನ್ನು ಹಲಗೆಯ ಮೇಲೆ ಬರೆಯುವಾಗ ಕೈ ತಾನೇ ತಾನಾಗಿ ಓಡುತ್ತದೆ. ಮನಸ್ಸು ಆ ಹೊತ್ತಿಗೆ ಮನೆಗೆ ಒಯ್ಯಬೇಕಾದ ತರಕಾರಿಯ ಕಡೆಗೆ ಹೋಗಿದ್ದರೂ ಪಾಠಕ್ಕೆ ಲೋಪವಿಲ್ಲ. ಅನುಭವವೆಂದರೆ ಇದೇ ಎಂದು ಹೆಮ್ಮೆಪಟ್ಟುಕೊಂಡದ್ದೂ ಉಂಟು.

ಮಕ್ಕಳಿಗೆ ತಿಳಿಯಲೆಂದು, ಜಾತ್ರೆಯಲ್ಲಿ ಕೊಂಡ ಬಣ್ಣದ ಮಣಿಗಳನ್ನು ತಂತಿಗೆ ಪೋಣಿಸಿ ಒಂದು ಸರ ಮಾಡಿಟ್ಟಿದ್ದೆ. ಒಂದೊಂದು ಮಣಿಯೂ ಒಂದೊಂದು ಅಮೈನೋ ಆಮ್ಲ. ಯಾವುದರ ಹಿಂದೆ ಯಾವುದು ಎಂಬ ಸರದಿಯೇ ಮೊದಲನೆಯ ಹಂತ. ಸರವನ್ನು ಪೆನ್ಸಿಲಿಗೆ ಸುತ್ತಿದರೆ ಸುರುಳಿ, ಎರಡನೆಯದು. ಈ ಸುರುಳಿಯನ್ನು ಪೌಲಿಂಗ್ ಮಹಾಶಯ 1948ರಲ್ಲಿ ಆಕ್ಸ್‌ಫರ್ಡಿನಲ್ಲಿ ನೆಗಡಿಯಾಗಿ ಮಲಗಿದ್ದಾಗ, ಕಾಗದದ ಮೇಲೆ ಸರಪಳಿ ಬರೆದು ಮಡಚಿ ಮಡಚಿ ಕಂಡುಕೊಂಡನಂತೆ. ನಮಗೆ ನೆಗಡಿಯಾದರೆ ಯೋಚನೆ ಮೆಣಸಿನ ಸಾರಿನಿಂದಾಚೆಗೆ ಹೋಗುವುದಿಲ್ಲ. ಸುರುಳಿಯನ್ನು ಮುದುರಿ ಉಂಡೆ ಮಾಡಿದರೆ ಮೂರನೆಯದು. ಅಂಥ ಉಂಡೆಗಳು ಒತ್ತಿಕೊಂಡು ಕೂತರೆ ನಾಲ್ಕನೆಯದು. ರಕ್ತದ ಹೀಮೊಗ್ಲೋಬಿನ್ ಹಾಗಿದೆ: 141 ಮಣಿಯ ಸರ ಎರಡು, 146 ಮಣಿಯದು ಎರಡು.

ಆ 146ರ ಸರದಲ್ಲಿ ಆರನೆಯ ಮಣಿ ಗ್ಲುಟಾಮಿಕ್ ಆಮ್ಲ. ಅದರ ಜಾಗಕ್ಕೆ ವ್ಯಾಲೀನ್ ಬಂದರೆ, ಪ್ರಾಣವಾಯು ಕಡಮೆಯಾದಾಗ ಹೀಮೊಗ್ಲೋಬಿನ್ ಒಂದಕ್ಕೊಂದು ಅಂಟಿ ಉದ್ದನೆಯ ಎಳೆಗಳಾಗುತ್ತದೆ. ದುಂಡಗಿನ ರಕ್ತಕಣ ಕುಡುಗೋಲಿನಂತೆ ಬಾಗಿ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಇಂಗ್ರಾಂ 1957ರಲ್ಲಿ ಕೇಂಬ್ರಿಜ್ಜಿನಲ್ಲಿ ಇದನ್ನು ತೋರಿಸಿಕೊಟ್ಟ. "ಎರಡು ಅಂಕದ ಪ್ರಶ್ನೆ, ಗುರುತು ಹಾಕಿಕೊಳ್ಳಿ" ಎನ್ನುತ್ತಿದ್ದೆ.

ನಮ್ಮದು ಕಾಡಂಚಿನ ಊರು. ಹಾಡಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಎರಡನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ಪದೇ ಪದೇ ಗೈರುಹಾಜರಿ. ಕೇಳಿದರೆ "ಕೈಕಾಲು ನೋವು ಸಾರ್" ಎನ್ನುವಳು. ಹದಿನಾರು ವರ್ಷದವಳಿಗೆ ಎಂಥ ಕೈಕಾಲು ನೋವು? "ನಮ್ಮಜ್ಜಿಗೂ ಇಷ್ಟಿರಲಿಲ್ಲವಲ್ಲಮ್ಮ" ಎಂದೆ. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ.

2023ರಲ್ಲಿ ಸಿಕಲ್ ಸೆಲ್ ನಿರ್ಮೂಲನದ ರಾಷ್ಟ್ರೀಯ ಯೋಜನೆ ಶುರುವಾದ ಮೇಲೆ ಆ ಹಾಡಿಗೂ ರಕ್ತಪರೀಕ್ಷೆ ಬಂತು. ಪಟ್ಟಿಯಲ್ಲಿ ಅವಳ ಹೆಸರಿತ್ತು. ನೀಲಗಿರಿಯ ಬುಡಕಟ್ಟುಗಳಲ್ಲಿ ಇಂಥ ಕಣ 1952ರಲ್ಲೇ ಕಂಡುಬಂದಿತ್ತೆಂದು ನಾನು ಓದಿದ್ದೆ. ನೀಲಗಿರಿ ನಮಗೇನು ಬಹಳ ದೂರವಲ್ಲ.

ಒಂದು ಸಂಜೆ ಅವಳು ನನ್ನ ಮೇಜಿನ ಬಳಿ ಬಂದು ಮಣಿಸರವನ್ನು ಎತ್ತಿಕೊಂಡು, ಬೆರಳಿಟ್ಟು ಎಣಿಸಿ ಆರಕ್ಕೆ ನಿಂತಳು.

"ಇದೇನಾ ಸಾರ್?"

"ಹೌದಮ್ಮ."

"ಅಪ್ಪನಿಂದ ಬಂತಾ, ಅವ್ವನಿಂದ ಬಂತಾ?"

"ಇಬ್ಬರಿಂದಲೂ. ಅವರಲ್ಲಿ ಒಂದೊಂದು ಪಾಲು ಸರಿಯಾದದ್ದೂ ಇರುತ್ತೆ. ಅದಕ್ಕೇ ಅವರಿಗೆ ತಿಳಿಯೋದಿಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅವ್ವ ಹರಕೆ ತೀರಿಸದೆ ಹಿಂಗಾಯ್ತು ಅಂತಾರೆ ಮನೇಲಿ. ಅದರಿಂದಲ್ಲ, ಅಲ್ವಾ ಸಾರ್?"

"ಅಲ್ಲಮ್ಮ. ಖಂಡಿತ ಅಲ್ಲ."

"ಹಂಗಾದ್ರೆ ಇದನ್ನ ಒಂದಿನ ಕೊಡ್ತೀರಾ? ಅವರಿಗೆಲ್ಲ ತೋರಿಸ್ಬೇಕು."

ಅಂದು ನಕ್ಕದ್ದಕ್ಕೆ ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಬಂದದ್ದು "ನೀರು ಚೆನ್ನಾಗಿ ಕುಡಿ, ಮಾತ್ರೆ ತಪ್ಪಿಸಬೇಡ" ಎಂಬ ಮಾತು. ಅವಳು ತಲೆಯಾಡಿಸಿ, ಸರವನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಬಸ್ಸಿಗೆ ಓಡಿದಳು.

ಸರ ಹಿಂದಿರುಗಿ ಬರಲಿಲ್ಲ, ನಾನೂ ಕೇಳಲಿಲ್ಲ. ಈ ವರ್ಷ ಪಾಠಕ್ಕೆ ಬರಿಯ ಸೀಮೆಸುಣ್ಣ. ಮುಂದಿನ ಜಾತ್ರೆಯಲ್ಲಿ ಮಣಿ ಕೊಳ್ಳಬೇಕು.