ಬೇವರ್ಸಿ

ಬೈಗುಳಕ್ಕೂ ಒಂದು ವಂಶಾವಳಿ ಇರುತ್ತದೆ. 'ಬೇವರ್ಸಿ' ಎಂದು ಬೈಯುವ ಹತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ ಅದರ ಅರ್ಥ ಗೊತ್ತಿರುವುದಿಲ್ಲ. ವಾರಿಸ್ ಎಂದರೆ ಹಕ್ಕುದಾರ. ಅರಬ್ಬಿಯಿಂದ ಬಂದ ಶಬ್ದ. ಅದರ ಮುಂದೆ ಹಚ್ಚಿದ 'ಬೇ' ಪಾರಸಿಯದು, 'ಇಲ್ಲದ' ಎಂದರ್ಥ. ವಾರಸುದಾರರು ಇಲ್ಲದ್ದು ಬೇವಾರಸು. ಕಚೇರಿಯ ಕಾಗದದಲ್ಲಿದ್ದ ಶಬ್ದ ಯಾವಾಗಲೋ ಓಣಿಯ ಜಗಳಕ್ಕೆ ಇಳಿಯಿತು.

ಇದೇ ಶಬ್ದವನ್ನು ಬೆಂಗಳೂರಿನ ಹುಡುಗರು ತಮ್ಮ ಸಂಗೀತ ತಂಡಕ್ಕೆ ಹೆಸರಿಟ್ಟುಕೊಂಡರು. ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಯ 'ಸಿ'ಯನ್ನು ಸಮುದ್ರದ 'ಸೀ' ಮಾಡಿದರು: ಬೇವರ್ ಸೀ. 2012ರಲ್ಲಿ ಅದೇ ಹೆಸರಿನಲ್ಲಿ ಅವರ ಮೊದಲ ಆಲ್ಬಮ್ ಬಂತು. ಅದನ್ನು ನನಗೆ ಕೇಳಿಸಿದವನು ತಂಗಿಯ ಮಗ, ರಜೆಗೆಂದು ನವನಗರದ ನಮ್ಮ ಮನೆಗೆ ಬಂದಿದ್ದಾಗ.

"ದೊಡ್ಡವ್ವ, ಇದಕ್ಕ ಸ್ಟೋನರ್ ರಾಕ್ ಅಂತಾರ" ಅಂದ. ಹನ್ನೆರಡು ವರ್ಷ ಇಲಕಲ್ಲಿನಲ್ಲಿ ಪಾಠ ಹೇಳಿದವಳು ನಾನು. ಅಲ್ಲಿ ಸ್ಟೋನ್ ಎಂದರೆ ಕೆಂಪು ಗ್ರಾನೈಟು. ಈ ಸ್ಟೋನರ್ ಬೇರೆ, ಗಾಂಜಾ ಸೇದಿ ಮತ್ತೇರಿದವನು. ಹೆಸರೇ ಹೀಗಿದ್ದರೆ ಯಾವ ಅಕ್ಕೋರು ತಾನೇ ಹುಬ್ಬು ಗಂಟಿಕ್ಕದೆ ಕೇಳಿಯಾಳು? ಆದರೂ ಕೇಳಿದೆ. ಹಾಡುಗಳು ಇಂಗ್ಲಿಷಿನವು, ಉದ್ದುದ್ದ. ಅವಸರವೇ ಇಲ್ಲ. ಕಬ್ಬು ಹೇರಿದ ಟ್ರ್ಯಾಕ್ಟರು ದಿನ್ನೆ ಏರುವಂತೆ ಗಿಟಾರು ತಗ್ಗಿದ ದನಿಯಲ್ಲಿ ಗುರುಗುಟ್ಟುತ್ತದೆ. ಮೇಜಿನ ಮೇಲಿನ ಸ್ಟೀಲು ಲೋಟ ಝಲ್ಲೆಂದಿತು.

ಈ ಭಾರದ ಮೂಲ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿದೆ. ಅಲ್ಲಿಯ ತಗಡಿನ ಕಾರಖಾನೆಯಲ್ಲಿ 17ರ ಹುಡುಗ ಟೋನಿ ಐಯೋಮಿಯ ಎರಡು ಬೆರಳ ತುದಿಗಳು ತುಂಡಾದವು. ಅವನು ಪ್ಲಾಸ್ಟಿಕ್ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. ಮುಂದೆ ನೋವಾಗದಿರಲೆಂದು ತಂತಿಗಳನ್ನು ಸಡಿಲಿಸಿದ. ದನಿ ಕೆಳಗಿಳಿದು ಭಾರವಾಯಿತು. ಅವನ ಬ್ಲ್ಯಾಕ್ ಸಬ್ಬತ್ ತಂಡದ ಆ ದನಿಯನ್ನೇ 1990ರ ಸುಮಾರಿಗೆ ಕ್ಯಾಲಿಫೋರ್ನಿಯದ ಮರುಭೂಮಿಯ ಹುಡುಗರು ಹಿಡಿದರು, ಅವರಿಂದ ಬೆಂಗಳೂರಿಗೂ ಬಂತು. ಇಲಕಲ್ಲಿನ ಮಗ್ಗದಲ್ಲಿ ಹಾಸು ಸಡಿಲಾದರೆ ಸೀರೆ ಕೆಟ್ಟಿತೆಂದೇ ಲೆಕ್ಕ. ಇವರ ಸಂಗೀತ ನಿಂತಿರುವುದೇ ಸಡಿಲಿನ ಮೇಲೆ!

ಸಂಗೀತ ಇರಲಿ, ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಹೆಸರು. ನಮ್ಮ ಸೋದರತ್ತೆ ಹಳೇ ಬಾಗಲಕೋಟೆಯಲ್ಲಿದ್ದಳು. ಮಕ್ಕಳಿಲ್ಲ, ಮೂವತ್ತು ದಾಟುವ ಮೊದಲೇ ಗಂಡ ಹೋದ. ನಳದ ಮುಂದೆ ಕೊಡಕ್ಕೆ ಕೊಡ ತಾಗಿದರೂ ಸಾಕು, ಎದುರಿನವಳ ಬಾಯಲ್ಲಿ ಆ ಶಬ್ದ ಸಿದ್ಧವಾಗಿರುತ್ತಿತ್ತು. ಅತ್ತೆ ತಿರುಗಿ ಬೈದದ್ದನ್ನು ನಾನು ನೋಡಲಿಲ್ಲ. ಕೊಡ ಹೊತ್ತು ಒಳಗೆ ಬಂದವಳು ಅಗಳಿ ಹಾಕಿ ಸಂಜೆಯತನಕ ರೊಟ್ಟಿ ತಟ್ಟುತ್ತಿದ್ದಳು. ಮನೆಯಲ್ಲಿ ತಿನ್ನುವವರು ಆಕೆಯೊಬ್ಬಳೇ. ಮರುದಿನ ಆ ಕಟಿ ರೊಟ್ಟಿಗಳೆಲ್ಲ ನಮ್ಮ ಮನೆಗೆ ಬರುತ್ತಿದ್ದವು.

ಮುಂದೆ ಆಲಮಟ್ಟಿಯ ಹಿನ್ನೀರು ಬಂತು. ಮನೆ ಗಂಡನ ಹೆಸರಿನಲ್ಲಿತ್ತು. ಪರಿಹಾರಕ್ಕೆಂದು ಆಕೆಯೊಡನೆ ನಾನೂ ಕಚೇರಿಗೆ ಹೋಗಿದ್ದೆ. ಗುಮಾಸ್ತ ಕಾಗದದಿಂದ ತಲೆ ಎತ್ತದೆ, "ವಾರಸದಾರರು ಯಾರದಾರ ಬೇ?" ಎಂದು ಕೇಳಿದ. "ನಾನs ಅದೀನಲ್ಲಪ್ಪಾ" ಅಂದಳು. ಆತ, "ಗಂಡಸರು ಯಾರೂ ಇಲ್ಲೇನು?" ಅಂದ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಪ್ರಕಾರ ಸತ್ತ ಗಂಡನ ಆಸ್ತಿಗೆ ಹೆಂಡತಿ ಮೊದಲ ದರ್ಜೆಯ ವಾರಸುದಾರಳು. ಅತ್ತೆಗೆ ಕಾಯಿದೆ ಗೊತ್ತಿರಲಿಲ್ಲ, ಉತ್ತರ ಗೊತ್ತಿತ್ತು. ಅದನ್ನೇ ನಾಲ್ಕು ಸಲ ಹೇಳಿದಳು. ನಾಲ್ಕು ಸಲ ಅಡ್ಡಾಡಿದ ಮೇಲೆ ಕಾಗದ ಮುಂದೆ ಸರಿಯಿತು.

ಕಿತ್ತೂರಿನ ಪಾಠ ಮಾಡುವಾಗೆಲ್ಲ ನನಗೆ ಈ ಕಚೇರಿಯೇ ನೆನಪಾಗುತ್ತದೆ. 1824ರಲ್ಲಿ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡಾಗ ಥ್ಯಾಕರೆ ದತ್ತಕವನ್ನು ಒಪ್ಪಲಿಲ್ಲ. ಕಿತ್ತೂರಿಗೆ ವಾರಸುದಾರರಿಲ್ಲವೆಂದೇ ಕುಂಪಣಿಯ ಲೆಕ್ಕ. ಚೆನ್ನಮ್ಮನ ಹತ್ತಿರ ಖಡ್ಗವಿತ್ತು, ನಮ್ಮ ಅತ್ತೆಯ ಹತ್ತಿರ ಒಂದು ಕೈಚೀಲವಿತ್ತು.

ಇದನ್ನೆಲ್ಲ ಹೇಳಿದಾಗ ಹುಡುಗ ಹಾಡು ನಿಲ್ಲಿಸಿದ. "ಅವರು ಚಾಷ್ಟಿಗೆ ಇಟ್ಟಾರ ದೊಡ್ಡವ್ವ" ಅಂದ. ಇರಲಿ, ನನ್ನ ತಕರಾರಿಲ್ಲ. ಬೈಗುಳವನ್ನು ತಾವೇ ಎತ್ತಿ ಹಣೆಗೆ ಹಚ್ಚಿಕೊಂಡವರನ್ನು ಮತ್ತೆ ಅದರಿಂದ ಬೈಯುವುದು ಹೇಗೆ? ಅತ್ತೆಗೆ ಆ ಉಪಾಯ ಹೊಳೆದಿದ್ದರೆ ನಳದ ಕಟ್ಟೆ ಅರ್ಧ ಖಾಲಿಯಾಗುತ್ತಿತ್ತು.

"ಆ ಅಜ್ಜಿ ಮನಿ ಎಲ್ಲಿತ್ತು?" ಎಂದು ಕೇಳಿದ. ಸಂಜೆ ಕರೆದುಕೊಂಡು ಹೋಗಿ ತೋರಿಸಿದೆ. ಕಣ್ಣು ಹಾಯುವವರೆಗೂ ನೀರು. ಬೇಸಿಗೆಯಲ್ಲಿ ಬಾ, ಬುನಾದಿ ಕಾಣತೈತಿ ಎಂದೆ.